ಅಳತೆ ಪುಸ್ತಕ, ಪುಟ ನೂರಾ ಹನ್ನೆರಡು

ಎದೆ ನಲವತ್ತಾರು. ಭುಜ ಇಪ್ಪತ್ತೂವರೆ.
ಕುತ್ತಿಗೆ ಬರೆದಿಲ್ಲ; ನಗುತ್ತಿದ್ದ, ಟೇಪು ನಿಲ್ಲಲಿಲ್ಲ.
ಹೆಸರು ರವಾಟಿ. ಊರು ಯಾವುದೆಂದರೆ
ಮೇಜಿನ ಮೇಲೆ ಹರಡಿದ್ದ ನೀಲಿ ಸರ್ಜಿನ ನಟ್ಟನಡುವೆ
ನನ್ನ ಸೀಮೆಸುಣ್ಣದಿಂದಲೇ ಒಂದು ಚುಕ್ಕಿ ಇಟ್ಟ.
ಒರೆಸಿ, ಕತ್ತರಿ ಹಾಕಿದೆ.

ಎಪ್ಪತ್ತೆಂಟರ ಆಷಾಢ, ಶಿವರಾಂಪೇಟೆ.
ಆಹಾರ ಸಂಶೋಧನಾಲಯಕ್ಕೆ ಕೊಬ್ಬರಿ ಒಣಗಿಸೋದು ಕಲಿಯಲು ಬಂದಿದ್ದ.
ತೆಂಗಿನ ಸೀಮೆಯವನಿಗೆ ಕೊಬ್ಬರಿ ಪಾಠವೇ ಎಂದು
ಪಕ್ಕದಂಗಡಿ ರಾಚಪ್ಪಾಜಿ ನಕ್ಕರು. ಅವನೂ ನಕ್ಕ.
ಸರ್ಟಿಫಿಕೇಟು ತಗೊಳ್ಳೋಕೆ ಕೋಟು ಬೇಕು.
ಒಳಗೆ ಎರಡಿಂಚು ಬಿಟ್ಟು ಹೊಲಿಯಿರಿ,
ನಮ್ಮ ಕಡೆ ಗಂಡಸರು ಮದುವೆಯಾದ ಮೇಲೂ ಬೆಳೀತಾರೆ.

ಬಾಕಿ ಕೊಡಲು ಬಂದ ದಿನ ಏಕಾದಶಿ.
ನಾವು ಸಿಂಪಿಗರು ಅವತ್ತು ಸೂಜಿ ಮುಟ್ಟುವುದಿಲ್ಲ.
ಬೀಗಕ್ಕೆ ತನ್ನ ಅಂಗಿಯ ಚಿಪ್ಪಿನ ಗುಂಡಿ ಕಟ್ಟಿ
ಸಂಜೆ ರೈಲು ಹತ್ತಿದ್ದ.

ಆಮೇಲಿನದೆಲ್ಲ ಅಂಚೆ.
ಕೊಬ್ಬರಿ ಇನ್ಸ್‌ಪೆಕ್ಟರಾದ. ಮೆಂಬರಾದ.
ಮಂತ್ರಿಯಾದ: ಮೀನು, ಶಾಲೆ, ಜೈಲು ಖಾತೆ
(ಜೈಲಲ್ಲಿ ಇರೋದೇ ಒಬ್ಬ, ನನ್ನ ಭಾವಮೈದ, ಎಂದು ಬರೆದಿದ್ದ).
ತೊಂಬತ್ತೊಂದರ ಲಕೋಟೆಯಲ್ಲಿ ಸ್ಟಾಂಪಿನ ಮೇಲೆ ಅವನದೇ ಮುಖ.
ಪೋಸ್ಟ್‌ಮ್ಯಾನ್ ಕೇಳಿದ, ಯಾರು ಸ್ವಾಮಿ ಇವರು?
ನಮ್ಮ ಗಿರಾಕಿ, ಅಂದೆ.
ಬಾಕಿ ಇಟ್ಟವನನ್ನು ರಾಷ್ಟ್ರಾಧ್ಯಕ್ಷ ಅನ್ನೋಕೆ
ಬಾಯಿ ಬರಲಿಲ್ಲ.

ಪ್ರಮಾಣವಚನದ ಫೋಟೋದಲ್ಲಿ ಎಲ್ಲರೂ ಬಾವುಟ ನೋಡಿದರು.
ನಾನು ಪಕ್ಕೆಯ ಹೊಲಿಗೆ ನೋಡಿದೆ.
ಎರಡಿಂಚೂ ಬಿಚ್ಚಿಸಿದ್ದಾನೆ. ಯಾರೋ ಎಡಚರ ಕೈ,
ದಾರ ವಾಲಿದೆ.

ಹದಿನಾಲ್ಕೇ ತಿಂಗಳು, ಒಂದು ಓಟಲ್ಲಿ ಇಳಿಸಿದರು.
"ಸೋದರಮಾವನ ಮಗನೇ ಕೈ ಎತ್ತಿದ.
ಈ ಸಲ ಮೀನು ಚೆನ್ನಾಗಿ ಬಿದ್ದಿದೆ."
ಮತ್ತೆ ಏರಿದ, ಮತ್ತೆ ಇಳಿದ. ಮೂರನೇ ಸಲ
ಎದುರಿಗೆ ಯಾರೂ ನಿಲ್ಲಲಿಲ್ಲ, ಗೆದ್ದ.
ಹೋದದ್ದು ಕಳೆದ ಮಾಘದಲ್ಲಿ. ಮೈಸೂರಿನ ಯಾವ ಪೇಪರಿಗೂ ತಿಳಿಯಲಿಲ್ಲ.

ಈಗ ಅವನ ಮಗಳ ಕಾಗದ.
ಕೋಟನ್ನು ಸಂಸತ್ತಿನ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ.
ಲೈನಿಂಗಿನ ಒಳಗೆ, ಎದೆಯ ಕ್ಯಾನ್ವಾಸಿನ ಮೇಲೆ,
ದುಂಡಗಿನ ಅಕ್ಷರದ ಒಂದು ಸಾಲು.
ಬಿಚ್ಚಿಸಿದಾಗಲೇ ಅಪ್ಪ ನೋಡಿದ್ದನಂತೆ,
ಮೈಸೂರಿನ ಮಂತ್ರ ಅನ್ನುತ್ತಿದ್ದನಂತೆ,
ಪ್ರತಿ ಓಟಿಗೂ ಮುಂಚೆ ಅಲ್ಲಿ ಕೈಯಿಟ್ಟುಕೊಳ್ಳುತ್ತಿದ್ದನಂತೆ.
ಅರ್ಥ ಬರೆದು ಕಳಿಸಿ, ತಾಮ್ರದಲ್ಲಿ ಕೆತ್ತಿಸುತ್ತೇವೆ.

ನಕಲು ಇಟ್ಟಿದ್ದಾಳೆ. ನನ್ನದೇ ಪೆನ್ಸಿಲ್ಲು:
ಗುರುವಾರ ಅರ್ಜೆಂಟ್ ಬಾಕಿ ೧೮.

ಮೂರು ದಿನದಿಂದ ಕಾಗದ ಕತ್ತರಿಯ ಕೆಳಗಿದೆ.
ಚಿರಾಯುವಾಗು ಅಂತ ಬರೀರಿ, ಯಾರಿಗೆ ಗೊತ್ತಾಗುತ್ತೆ,
ಅಂತಾನೆ ರಾಚಪ್ಪಾಜಿಯ ಮೊಮ್ಮಗ.
ಆಗಲಿಲ್ಲವಲ್ಲ ಮಾರಾಯ.
ನಿಜ ಬರೆದರೋ, ಒಂದು ದೇಶವೇ
ಪಾಂಡುರಂಗ ಪಿಸೆಯ ಸಾಲಗಾರ.

ಇವತ್ತು ಕೂತು ಬರೆದೆ.
ಮೊದಲನೆಯದು ಒಂದು ವಾರದ ಹೆಸರು, ತಾಯಿ.
ಎರಡನೆಯದು ನಿಮ್ಮ ಕಡೆಯಿಂದಲೇ ಬಂದ ಮಾತು.
ಮೂರನೆಯದಕ್ಕೆ ನಮ್ಮಲ್ಲಿ
ಇನ್ನೂ ಉಳಿದಿದೆ ಎಂದು ಅರ್ಥ.

ಹದಿನೆಂಟರ ಮಾತೆತ್ತಲಿಲ್ಲ.