ಎಂಟನೇ ಪಟ್ಟಿ

ಆಂದ್ರಾಳ್ ಬೈಪಾಸಿನ ಬೇವಿನ ಮರದ ಕೆಳಗೆ
ಜಾಕಿ ಏರಿ ನಿಂತಿದೆ ಜೀಪು,
ನಾಲ್ಕೂ ಗಾಲಿ ಕಳಚಿಟ್ಟು,
ಡಾಕ್ಟರ ಮುಂದೆ ಅಂಗಿ ಬಿಚ್ಚಿ ಕೂತವನ ಮುಜುಗರದಲ್ಲಿ.

ಗಣಿ ಕಂಪನಿಯ ಹರಾಜಿನಲ್ಲಿ ಹಿಡಿದದ್ದಂತೆ ಗೌಸಿಯಾ.
ಕೌಲ್ ಬಜಾರಿನಲ್ಲಿ ಆರು ಮಿಷನ್ನು, ಜೀನ್ಸ್ ಹೊಲಿಗೆ,
ಬೆರಳ ತುದಿಗೆ ತೊಳೆದರೂ ಹೋಗದ ನೀಲಿ.
ನನ್ನ ಉಗುರಲ್ಲಿ ಗ್ರೀಸು.
"ಬಂಡೆ ಹತ್ತಬೇಕು ಹೊನ್ನೂರಪ್ಪಣ್ಣ,
ಗುಡ್ಡದಾಗ ಪಂದ್ಯ ಐತೆ.
ಹೋದ ಸಲ ನೋಡಾಕೆ ಹೋಗಿದ್ದೆ. ಈ ಸಲ ನೋಡಾಕಲ್ಲ.
ಗಟ್ಟಿ ಮಾಡಿಕೊಡು."

ಎಲ್ಲರೂ ಅದನ್ನೇ ಅನ್ನುವುದು.

ಬಾನೆಟ್ಟಿನೊಳಗೆ ಪಂಪಿನ ಸಿದ್ಮಲ್ಲ
ಸೊಂಟದವರೆಗೆ ಇಳಿದಿದ್ದಾನೆ.
ಏರ್ ಫಿಲ್ಟರ್ ಕುಟ್ಟಿದರೆ ಅರ್ಧ ಸೇರು ಕೆಂಪು,
ಎಂದೋ ಹಡಗು ಹತ್ತಿ ಹೋದ ಗುಡ್ಡದ ಕೊನೆಯ ಚಿಟಿಕೆ.
ವಾಲ್ವಿನ ಸಂದಿಗೆ ಗೇಜು ತೂರಿಸಿ
ಬೆಕ್ಕಿನ ಮೀಸೆ ಹಾಯುವಷ್ಟು ಜಾಗ ಬಿಟ್ಟ.
ಡೀಸೆಲ್ ಸ್ಕ್ರೂ ಕಾಲು ಸುತ್ತು ತಿರುವಿ
ಅದರಲ್ಲಿ ಅರ್ಧ ವಾಪಸ್ ಬಿಟ್ಟ.
"ದುರಾಸೆ ಮಾಡಿದ್ರೆ ಕರೀ ಹೊಗೆ," ಅಂದ,
ಯಾರನ್ನೂ ನೋಡದೆ.

ನನ್ನ ಪಾಲು ಕೆಳಗಡೆ.
ಯು-ಬೋಲ್ಟು ತುಕ್ಕಿನಲ್ಲಿ ಮಲಗಿತ್ತು;
ಎಬ್ಬಿಸಲು ಸೀಮೆಎಣ್ಣೆ, ಬೆಂಕಿ, ಬೈಗುಳ.
ನಡುಬೋಲ್ಟು ಬಿಚ್ಚಿದ್ದೇ ತಡ
ಹಿಂದಿನ ಕಮಾನಿನ ಒಂಬತ್ತು ಪಟ್ಟಿ
ಉಸಿರು ಬಿಟ್ಟು ಬೇರೆಯಾದವು.
ಕಾರ್ಖಾನೆಯಿಂದ ಬಂದಾಗ ಆರೇ.
ಮೂರು ಯಾರೋ ಆಮೇಲೆ ತುರುಕಿದ್ದು,
ಲಾರಿ ಪಟ್ಟಿ, ಕೊಯ್ದು, ಬಡಿದು, ತೂತು ಕೊರೆದು.
ಎಂಟನೆಯದನ್ನು ಚಿಂದಿಯಲ್ಲಿ ಒರೆಸಿದೆ.
ಮೂಲೆಯಲ್ಲಿ ಮೂರು ಚುಕ್ಕಿ, ಒಂದು ಗೀರು.

ನನ್ನ ಗುರುತು.

ಹಗಲೂ ರಾತ್ರಿ ಕುಲುಮೆ ಆರದ ವರ್ಷಗಳು.
ಸಂಡೂರ ದಾರಿಯಲ್ಲಿ ಲಾರಿಯ ಹಿಂದೆ ಲಾರಿ,
ಇನ್ನೊಂದು ಪಟ್ಟಿ ಹಾಕು, ಇನ್ನೊಂದು,
ಬಂದವರ ಬಾಯಲ್ಲಿ ಅದೊಂದೇ ಮಾತು.
ಎಣಿಸದೆ ಜೇಬಿಗಿಟ್ಟ ನೋಟು. ಮಗಳ ಕಿವಿಗೆ ಜುಮುಕಿ.
ಈ ಜೀಪು ತಂದ ಡ್ರೈವರನ ಮುಖ ನೆನಪಿಲ್ಲ;
ನಡ ಹಿಡಿದುಕೊಂಡು ಇಳಿಯುತ್ತಿದ್ದದ್ದು ನೆನಪಿದೆ.

ಗೌಸಿಯಾಗೆ ಹೇಳಿದೆ: ಮೂರು ತೆಗೀತೀನಿ.
"ತೆಗೆದ್ರೆ ಮೆತ್ತಗಾಗಲ್ವಾ?"
ಮೆತ್ತಗಾಗಬೇಕು ತಾಯಿ. ಬಂಡೆ ಮೇಲೆ
ಒಂದು ಗಾಲಿ ಆಕಾಶಕ್ಕೆ ಹೋದಾಗ
ಇನ್ನೊಂದು ತಗ್ಗಿಗಿಳಿದು ನೆಲ ತಡಕಬೇಕು,
ಕತ್ತಲಾಗ ಮೆಟ್ಟಿಲು ಹುಡುಕೋ ಕಾಲಿನಂಗೆ.
ಗಟ್ಟಿ ಕಮಾನಿಗೆ ಬಗ್ಗಾಕೆ ಬರಲ್ಲ;
ಗಾಲಿ ಗಾಳಿಯಾಗ ತಿರುಗ್ತದೆ, ಗಾಡಿ ನಿಂತಲ್ಲೇ.

ತುಸು ಹೊತ್ತು ಸುಮ್ಮನಿದ್ದಳು.
"ದಾರದ ಬಿಗಿ ಇದ್ದಂಗೆ," ಅಂದಳು,
"ಜಾಸ್ತಿ ಬಿಗಿದ್ರೆ ಹೊಲಿಗೆ ಸುಕ್ಕಾಗ್ತದೆ,
ಕುಂತಾಗ ಪಟ್ಟಂತ ಹರೀತದೆ."
ಇಷ್ಟು ತಿಳಿದವಳಿಗೆ ನಾನೇನು ಹೇಳಲಿ.

ಉಳಿದ ಆರನ್ನು ಕೆಂಪಗೆ ಕಾಯಿಸಿ ಹೊಸ ಬಾಗು ಕೊಟ್ಟೆ.
ಎಣ್ಣೆಯಲ್ಲಿ ಅದ್ದಿದಾಗೆದ್ದ ಹೊಗೆಗೆ
ಬಾನೆಟ್ಟಿನೊಳಗಿಂದ ಸಿದ್ಮಲ್ಲ ಕೆಮ್ಮಿದ.
ಉದ್ದನೆಯ ಶ್ಯಾಕಲ್ಲು, ಹೊಸ ಬುಷ್ಷು,
ನಾಲ್ಕು ಬೆರಳು ಎತ್ತರ.

ಬೈಪಾಸಿನಾಚೆ ಹಳೇ ಕ್ವಾರಿಯ ಹಳ್ಳ. ಸಂಜೆ.
ಸ್ಟೇರಿಂಗ್ ಹಿಡಿದವಳು ಅವಳು,
ಪಕ್ಕದಲ್ಲಿ ಕಂಬಿ ಹಿಡಿದವ ನಾನು.
ಎಡಗಾಲಿ ಗುಂಡು ಏರಿತು. ಬಲಗಾಲಿ
ಇಳಿಯಿತು, ಇಳಿಯಿತು,
ಇನ್ನೂ ಇಳಿಯಿತು,
ಮುಟ್ಟಿತು.
ಇಂಜಿನ್ನು ಚೀರಲಿಲ್ಲ; ಗಂಟಲೊಳಗೇ ಗೊಣಗಿ ಹತ್ತಿತು.
ಅವಳು ಏನೂ ಅನ್ನಲಿಲ್ಲ. ರಿವರ್ಸ್ ಹಾಕಿ ಇಳಿದು
ಇನ್ನೊಮ್ಮೆ ಹತ್ತಿಸಿದಳು.

ದುಡ್ಡು ಎಣಿಸಿಕೊಟ್ಟು ಹೋಗುವಾಗ
ಎಂಟನೇ ಪಟ್ಟಿ ಕೇಳಿದಳು.
ನಲವತ್ತು ಪದರ ಡೆನಿಮ್ಮು ಹಾಸಿ ಕತ್ತರಿಸುವಾಗ
ಮೇಲೊಂದು ಭಾರ ಬೇಕಂತೆ, ಬಟ್ಟೆ ಸರಿಯದ ಹಾಗೆ.
ಕೊಟ್ಟೆ. ಗುರುತಿದ್ದ ಮೈಯನ್ನು ಕೆಳಗೆ ಮಾಡಿ.
ಅವಳು ತಿರುವಿ ನೋಡಿ, ಮೇಲೆ ಮಾಡಿಕೊಂಡಳು.

ಮಿಕ್ಕ ಪಟ್ಟಿ ಬೇವಿನ ಬುಡದಲ್ಲೇ ಬಿದ್ದಿವೆ.
ಮುಂಜಾನೆ ತಣ್ಣಗಿರುತ್ತವೆಂದು
ನಾಯಿಯೊಂದು ಅವುಗಳ ಮೇಲೆ ತಲೆಯಿಟ್ಟು ಮಲಗುತ್ತದೆ.