ಲೆಕ್ಕಕ್ಕಿಲ್ಲದ ಮೂರು

ಬಟುಮಿಯ ಗುಡ್ಡದ ಮೇಲೆ, ಬೆಳಗಿನ ಏಳಕ್ಕೆ,
ಹದ್ದು ಎಣಿಸುವ ಕೆಲಸ ನನ್ನದು.
ಹೋದ ವರ್ಷದವರೆಗೆ ದಪ್ಪ ಕನ್ನಡಕ;
ಮಂಜು ಕೂತರೆ ಅಂಗಿಯ ಚುಂಗಿನಿಂದ ಒರೆಸಿಕೊಳ್ಳುತ್ತಿದ್ದೆ.

ಲೇಸರು ಸವರಿದ ಕಣ್ಣಿಗೆ ಈಗ
ಕಡಲಂಚು ಕೂದಲೆಳೆಯಷ್ಟು ಖಚಿತ.
ಕೂದಲೆಳೆಯೂ ಒಂದಿದೆ ಅಲ್ಲೇ,
ಜೊತೆಗೆ ಎಳ್ಳಿನಂಥ ಎರಡು ಚುಕ್ಕೆ.

“ಒರೆಸಿದರೆ ಹೋಗದು,” ಎಂದರು ಕುತೈಸಿಯ ಡಾಕ್ಟರು,
“ಒಳಗಿನ ನೆರಳು. ಮರೆತುಬಿಡಿ.”
ಮರೆಯುವುದೆಲ್ಲಿ?
ದಿನವಿಡೀ ಆಕಾಶ ನೋಡುವುದಕ್ಕೇ ಸಂಬಳ.

ಮೊದಲ ವಾರ ಹಾರದ ಹದ್ದುಗಳನ್ನೂ ಬರೆದೆ.
ಎತೇರಿ ದುರ್ಬೀನು ಇಳಿಸಿ ನನ್ನನ್ನೇ ನೋಡಿದಳು,
ಏನೂ ಅನ್ನಲಿಲ್ಲ,
ಪುಟದ ಕೆಳಗೆ ಪೆನ್ಸಿಲಿನಲ್ಲಿ ಮೂರು ಕಳೆದಳು.

ಈಗ ಗುಟ್ಟು ಗೊತ್ತು: ಕಣ್ಣು ನಿಲ್ಲಿಸಬೇಕು.
ಹದ್ದಾದರೆ ತನ್ನ ಪಾಡಿಗೆ ತೆಂಕಣಕ್ಕೆ ಸಾಗುತ್ತದೆ.
ಇದು, ನೋಟ ನಿಂತ ಕಡೆ,
ಚಹಾದ ಗಸಿಯಂತೆ ಮೆಲ್ಲಗೆ ತಳಕ್ಕಿಳಿಯುತ್ತದೆ.

ಅಕ್ಟೋಬರು ಮುಗಿಯಿತು.
ಎಲ್ಲವೂ ಟರ್ಕಿ ದಾಟಿದವು, ಆಕಾಶ ಬರೀ ಬಿಳಿ.
ಕುರ್ಚಿ ಮಡಿಸುತ್ತ ಎತೇರಿ ಕೇಳಿದಳು, “ಇನ್ನೂ ಇವೆಯಾ?”
“ಇವೆ,” ಎಂದೆ, ಥರ್ಮಾಸಿನ ಮುಚ್ಚಳ ತಿರುಗಿಸುತ್ತ,
“ಚಳಿಗಾಲಕ್ಕೆ ಇಲ್ಲೇ ಉಳಿಯುವ ಹಾಗಿದೆ.”