ಹೂವಿನ ಬಾಬ್ತು

ಹಳೇ ಎಲ್ಲೈಸಿ ಡೈರಿಯ ಕೊನೆಯ ಹಾಳೆ.
ಅಪ್ಪ ಮೇಲೆ ಬರೆದರು: ಹೂವಿನ ಬಾಬ್ತು.
ಕೆಳಗೆ ಹದಿನೆಂಟು ಸಾವಿರ. ಅದಕ್ಕೂ ಕೆಳಗೆ
ಒತ್ತಿ ಎಳೆದ ಎರಡು ಗೆರೆ,
ಇನ್ನು ಮಾತಿಲ್ಲ ಎನ್ನುವ ಹಾಗೆ.

ಡೆಕೊರೇಷನ್ನಿನ ತೀರ್ಥೇಶ ಬಂದ, ಮೊಬೈಲು ತೋರಿಸಿದ.
ಬೆರಳು ಸರಿಸಿದ ಹಾಗೆಲ್ಲ ಮದುವೆಗಳು ಸರಿದವು.
ಹುಡುಗಿಯರ ಮುಖ ನೆನಪಿಲ್ಲ, ಹಿಂದಿನ ಹೂಗೋಡೆ ಮಾತ್ರ.
"ಇದು ಆರ್ಕಿಡ್ಡು ಮೇಡಂ, ವಿಮಾನದಲ್ಲಿ ಬರುತ್ತೆ.
ಅರವತ್ತಾಗುತ್ತೆ. ನಿಮಗೆ ಅಂತ ಐವತ್ತೈದು."
ನಾನಿನ್ನೂ ವಿಮಾನ ಹತ್ತಿಲ್ಲ.
ಅಪ್ಪ ಅವನಿಗೆ ಇನ್ನೊಂದು ಲೋಟ ಕಾಫಿ ಕೊಡಿಸಿ ಕಳಿಸಿದರು.

ಆಮೇಲೆ ಲೆಕ್ಕಕ್ಕೆ ಕೂತದ್ದು ವಾರಿಜತ್ತೆ.
ಪೆನ್ನು ಬೇಕಿಲ್ಲ, ಕನ್ನಡಕವೂ ಬೇಕಿಲ್ಲ.
ಸೇವಂತಿಗೆ ಶುಕ್ರವಾರ ಏರಿ ಶನಿವಾರ ಮಧ್ಯಾಹ್ನ ಇಳಿಯುತ್ತೆ,
ಮುಹೂರ್ತ ಇದ್ದರೆ ಇಳಿಯೋದೇ ಇಲ್ಲ.
ಕಾಕಡಾನ ಮಲ್ಲಿಗೆ ಅಂತ ಕೊಡ್ತಾರೆ, ಮೂಸಿ ನೋಡು.
ಸುಗಂಧರಾಜ ಬಿಡಿಯಾಗಿ ತೂಕಕ್ಕೆ ತಗೋಬೇಡ,
ಚಿಮುಕಿಸಿದ ನೀರಿಗೂ ದುಡ್ಡು ಕೊಡ್ತೀಯ.
ಅಬ್ಬಲಿಗೆಗೆ ವಾಸನೆಯಿಲ್ಲ, ಸಂಜೆವರೆಗೂ ಬಾಡಲ್ಲ;
ಫೋಟೋಕ್ಕೆ ಮೂಗಿಲ್ಲವಲ್ಲ, ಅದೇ ಸಾಕು.

ಇಪ್ಪತ್ತೊಂದು ವರ್ಷದಿಂದ ಒಂದು ಮೊಳ ಕೊಂಡವರಲ್ಲ.
ಎಲ್ಲಿ ಕಲಿತಿರಿ ಅತ್ತೆ, ಎಂದೆ.
"ದಿನಾ ಕೇಳ್ತೀನಲ್ಲೇ. ಬಿ.ಎಚ್. ರೋಡಲ್ಲಿ ಬಸ್ಸಿಳಿದು
ಗಾಂಧಿ ಬಜಾರು ದಾಟುವಾಗ
ಹೇಗಪ್ಪಾ ಮಾರು ಅಂತೀನಿ. ಹೇಳ್ತಾರೆ.
ಹೆಚ್ಚಾಯ್ತು ಅಂತ ಬರ್ತೀನಿ."

ಮುಡಿಯುವವರ ತಲೆ ಎಣಿಸಬೇಕು, ತಲೆಗೊಂದು ಮೊಳ.
ಅಮ್ಮ ಬೆರಳು ಮಡಿಸಿದಳು: ಭದ್ರಾವತಿಯವರು ಏಳು,
ಗಂಡಿನ ಕಡೆ ಹದಿನೆಂಟು, ಅವರಿಗೆ ಕಮ್ಮಿ ಬೀಳಬಾರದು,
ಪಕ್ಕದ ಮನೆಯವರು ಮೂರು, ನನ್ನ ಸೊಸೈಟಿಯಿಂದ ಆರು,
ನಾವುನಾವೇ ಒಂಬತ್ತು,
ಆರು ಕೂಸುಗಳಿಗೆ ಅರ್ಧರ್ಧ.
"ನಲವತ್ತಾರು ಮೊಳ" ಎಂದರು ಅತ್ತೆ, ಅವಳು ಮುಗಿಸುವ ಮೊದಲೇ.
"ಹನ್ನೊಂದೂವರೆ ಮಾರು. ಕೂರಿಸಿದ ಹಾಗೆ ಕೂತಿತು ನೋಡು."

ಹನ್ನೊಂದು ವರ್ಷ ಸೊಸೈಟಿಯಲ್ಲಿ ಖಾತೆ ಬರೆದವಳು ನಾನು.
ಕೂಡಿದ್ದು ತಪ್ಪಿದರೆ ಆಡಿಟರು ಹಿಡಿಯುತ್ತಾನೆ,
ಬಿಟ್ಟದ್ದನ್ನು ಯಾವ ಆಡಿಟರೂ ಹಿಡಿದದ್ದು ನೋಡಿಲ್ಲ.
ಆರನ್ನು ತಿದ್ದಿ ಏಳು ಮಾಡಿದೆ.
ಅಪ್ಪ ನೋಡಿದರು. ಅಮ್ಮ ನೋಡಿದಳು.
ಯಾರು ಅಂತ ಯಾರೂ ಕೇಳಲಿಲ್ಲ.
ಅತ್ತೆ ಬಾಳೆನಾರಿನ ರೇಟು ಹೇಳತೊಡಗಿದ್ದರು.

ಮದುವೆಯ ಹಿಂದಿನ ದಿನ, ಬೆಳಗಿನ ಐದೂವರೆ,
ಮಾರುಕಟ್ಟೆಯ ನೆಲವೆಲ್ಲ ತೊಟ್ಟು, ಎಸಳು, ಕೆಸರು.
ನಸ್ರುಲ್ಲಾ ಅತ್ತೆಯನ್ನು ಕಂಡವನೇ ನಕ್ಕ:
"ಏನಮ್ಮಾ, ಇವತ್ತೂ ಹೆಚ್ಚಾಯ್ತಾ?"
"ಇಲ್ಲ. ಅಳಿ."
ಅವನ ಕೈ ಒಂದು ಕ್ಷಣ ಬುಟ್ಟಿಯಲ್ಲೇ ನಿಂತಿತು.
"ನಿನ್ನ ಕೈಯಲ್ಲಲ್ಲ. ಅಲ್ಲಿ ನಿಂತಿದ್ದಾನಲ್ಲ
ನಿನ್ನ ಉದ್ದನೆ ಮಗ, ಅವನ ಕೈಯಲ್ಲಿ ಅಳಿಸು."
ಹನ್ನೊಂದೂವರೆ ಮಾರು ಮುಗಿಯಿತು. ಮೇಲೊಂದು ಮೊಳ ಎಂದೆ.
ಯಾರಿಗೇ ಅದು, ಎಂದರು ಅತ್ತೆ.
ಲೆಕ್ಕದಲ್ಲಿದೆ, ಎಂದೆ.
ಅದನ್ನು ಬೇರೆ ಎಲೆಯಲ್ಲಿ ಸುತ್ತಿಸಿದೆ.

ಮದುವೆ ಆಯಿತು. ಹೂಗೋಡೆ ಇರಲಿಲ್ಲ,
ಯಾರಾದರೂ ಕೇಳಿದ್ದರೆ ನನ್ನ ಕಿವಿಗೆ ಬೀಳಲಿಲ್ಲ.
ಅಪ್ಪನ ಗೆರೆ ದಾಟದೆ ಅರವತ್ತು ರೂಪಾಯಿ ಉಳಿಯಿತು.

ಸಂಜೆ ಕುರ್ಚಿ ಮಡಚುವ ಸದ್ದಿನ ನಡುವೆ
ಉಗ್ರಾಣದ ಬಾಗಿಲ ಹಿಂದೆ ಅತ್ತೆ ಒಬ್ಬರೇ.
ಬಿಚ್ಚಿದ ಬಾಳೆಲೆ ಮಡಿಲಲ್ಲಿ.
ಎಡ ಮೊಣಕೈಗೆ ಒಂದು ತುದಿ ಒತ್ತಿ
ನಡುಬೆರಳ ತನಕ ಮೆಲ್ಲಗೆ ಎಳೆದು ನೋಡುತ್ತಿದ್ದರು.
ನನ್ನನ್ನು ಕಂಡು ಕೈ ಇಳಿಸಲಿಲ್ಲ.

"ಎರಡು ಬೆರಳು ಕಮ್ಮಿ ಇದೆ ಕಣೇ,
ಮಗನೂ ಅಪ್ಪನ ಹಾಗೇ.
ನಾಳೆ ಹೋಗಿ ಕೇಳ್ತೀನಿ."